ಸೂರ್ಯನ ಹಸಿರು ರೇಖೆ: ಒಂದು ತಪ್ಪು ಪಾಠದ ವೃತ್ತಾಂತ

ನಕ್ಷತ್ರಗಳ ಉಷ್ಣತೆಯನ್ನರಿಯಲು ಖಗೋಳಜ್ಞರಿಗೆ ಮುಖ್ಯವಾದ ಆಧಾರವೆಂದರೆ ಅವುಗಳಿಂದ ಬರುವ ಬೆಳಕು. ಇತಿಹಾಸವನ್ನು ಅಭ್ಯಸಿಸುವ ನಾವು ಶಾಸನಗಳನ್ನು ಓದುವಂತೆ ಅವರು ರೋಹಿತದ ರೇಖೆಗಳನ್ನು ಓದುತ್ತಾರೆ. ನಮ್ಮಂತೆಯೇ ಒಮ್ಮೊಮ್ಮೆ ತಪ್ಪಾಗಿಯೂ ಓದುತ್ತಾರೆ.

1869ರ ಆಗಸ್ಟ್ 7ರಂದು ಅಮೆರಿಕದಲ್ಲಿ ಗೋಚರಿಸಿದ ಪೂರ್ಣ ಸೂರ್ಯಗ್ರಹಣದ ಕಾಲದಲ್ಲಿ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಎಂಬ ವಿದ್ವಾಂಸರು, ಸೂರ್ಯನನ್ನು ಸುತ್ತುವರಿದಿರುವ ಕರೋನ ಎಂಬ ಪ್ರಭಾವಲಯದ ರೋಹಿತದಲ್ಲಿ, ಪ್ರತ್ಯೇಕ ಪ್ರತ್ಯೇಕವಾಗಿಯೇ ಒಂದು ಹಸಿರು ರೇಖೆಯನ್ನು ಕಂಡರು. ಮೊದಲು ಅದನ್ನು ಕಬ್ಬಿಣದ ಒಂದು ರೇಖೆಯೊಡನೆ ಹೊಂದಿಸಿದ್ದುಂಟು. ಸೂಕ್ಷ್ಮವಾಗಿ ಅಳೆದಾಗ ಆ ಹೊಂದಾಣಿಕೆ ನಿಲ್ಲಲಿಲ್ಲ. ಭೂಮಿಯ ಮೇಲಿನ ಯಾವ ಮೂಲವಸ್ತುವಿಗೂ ಅದು ಸಲ್ಲದೆಂದು ತೋರಿದುದರಿಂದ ‘ಕರೋನಿಯಂ’ ಎಂಬ ಹೊಸ ಮೂಲವಸ್ತುವೊಂದನ್ನು ಕಲ್ಪಿಸಲಾಯಿತು. ಅಕ್ಷರವೊಂದನ್ನು ತಪ್ಪಾಗಿ ಓದಿ ಇಲ್ಲದ ಅರಸನೊಬ್ಬನನ್ನು ವಂಶಾವಳಿಗೆ ಸೇರಿಸಿಕೊಳ್ಳುವುದು ನಮ್ಮ ಶಾಸ್ತ್ರಕ್ಕೂ ಹೊಸತಲ್ಲವಷ್ಟೆ! ಆದರೆ ಈ ಕಲ್ಪನೆಯನ್ನು ನಾವು ಹಗುರವಾಗಿ ಕಾಣಬಾರದು. ಹಿಂದಿನ ವರ್ಷ, 1868ರಲ್ಲಿ, ನಮ್ಮ ದೇಶದಲ್ಲಿ ಗೋಚರಿಸಿದ ಗ್ರಹಣದಲ್ಲಿ ಕಂಡ ಹಳದಿ ರೇಖೆಗೆ ಹೀಲಿಯಂ ಎಂಬ ಹೊಸ ವಸ್ತುವೇ ಕಾರಣವೆಂದು ಊಹಿಸಲಾಗಿತ್ತು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಮೇಲೂ ಕಂಡುಹಿಡಿದನು. ಒಮ್ಮೆ ಫಲಿಸಿದ ತರ್ಕವು ಇನ್ನೊಮ್ಮೆ ದಾರಿ ತಪ್ಪಿಸಿತು.

1939ರಲ್ಲಿ ಜರ್ಮನಿಯ ಗ್ರೋಟ್ರಿಯನ್ ಕರೋನದ ಕೆಂಪು ರೇಖೆಯೊಂದರ ಮೂಲವನ್ನು ಸೂಚಿಸಿದನು. ಅನಂತರ ಸ್ವೀಡನ್ನಿನ ಎಡ್ಲೆನ್, ಹಸಿರು ರೇಖೆಯು ಕಬ್ಬಿಣದ್ದೇ ಎಂದು ತೋರಿಸಿದನು. ಆದರೆ ಇದು ನಾವು ಬಲ್ಲ ಕಬ್ಬಿಣವಲ್ಲ. ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಪರಮಾಣುವನ್ನು ಇಷ್ಟರಮಟ್ಟಿಗೆ ಸುಲಿಯಬೇಕಾದರೆ ಸುಮಾರು 20 ಲಕ್ಷ ಡಿಗ್ರಿಗಳ ಉಷ್ಣತೆ ಬೇಕು. ರೇಖೆಯೇ ಉಷ್ಣಮಾಪಕವಾಯಿತು.

ಆದರೆ ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಮಾತ್ರ. ಒಲೆಯಿಂದ ದೂರ ಸರಿದಷ್ಟೂ ಕಾವು ಹೆಚ್ಚುವುದೆಂದರೆ ಯಾರು ನಂಬುವರು? ಕಾಂತಕ್ಷೇತ್ರದ ಮೂಲಕ ಮೇಲೇರುವ ಅಲೆಗಳು ಈ ಶಾಖವನ್ನು ಒಯ್ಯುತ್ತವೆಂದು ಕೆಲವರು ಹೇಳುತ್ತಾರೆ. ಹೆಣೆದುಕೊಂಡ ಕಾಂತರೇಖೆಗಳು ಮುರಿದು ಕೂಡುವಾಗ ಆಗುವ ಅಸಂಖ್ಯಾತ ಕಿರುಸ್ಫೋಟಗಳೇ ಕಾರಣವೆಂದು ಪಾರ್ಕರ್ 1988ರಲ್ಲಿ ವಾದಿಸಿದನು. ಎರಡಕ್ಕೂ ಆಧಾರಗಳಿವೆ, ಯಾವುದರ ಪಾಲು ಎಷ್ಟೆಂಬುದು ಇತ್ಯರ್ಥವಾಗಿಲ್ಲ.

ಇದನ್ನು ಪರೀಕ್ಷಿಸಲು ಗ್ರಹಣದ ಕೆಲವು ನಿಮಿಷಗಳು ಸಾಲವು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ, ಸೂರ್ಯಬಿಂಬವನ್ನು ಮರೆಮಾಡಿ ಕರೋನವನ್ನಷ್ಟೇ ನೋಡುವ ಉಪಕರಣವೊಂದಿದೆ. ಅದನ್ನು ಸಿದ್ಧಪಡಿಸಿದುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ತನ್ನ ಹೊಸಕೋಟೆಯ ಆವರಣದಲ್ಲಿ. ಯಂಗ್ ಕಂಡ ಹಸಿರು ರೇಖೆಯೂ ಅದು ಪರಿಶೀಲಿಸಬೇಕಾದ ರೇಖೆಗಳಲ್ಲೊಂದು.