ಸುತ್ತಿಗೆಗೊಂದು ಸೀಟಿ!

1976ರ ‘ನಾ ನಿನ್ನ ಮರೆಯಲಾರೆ’ ನೆನಪಿದೆಯೇ ಮಿತ್ರರೇ? ನಮ್ಮ ನಿಮ್ಮ ಅಣ್ಣಾವ್ರು ಅದರಲ್ಲಿ ಮೋಟಾರ್‌ಸೈಕಲ್ ರೇಸುಗಾರ! ಶಿರಹಟ್ಟಿಯಿಂದ ಗದಗಿಗೆ ಬಂದು ಆ ಚಿತ್ರ ನೋಡಿದ ನಮ್ಮಪ್ಪನಿಗೆ ಬೈಕಿನ ಹುಚ್ಚು ಹಿಡಿಯಿತು. ಮೂರು ವರ್ಷ ಶೇಂಗಾ ಮಾರಿದ ದುಡ್ಡು ಕೂಡಿಸಿ 1979ರಲ್ಲಿ ಮನೆಗೆ ತಂದದ್ದು... ಯೆಜ್ಡಿ!

ಈಗ ಅಪ್ಪ ಇಲ್ಲ. ಗಾಡಿ ನನ್ನದು. ಅದರ ಪೆಟ್ರೋಲ್ ಟ್ಯಾಂಕಿನ ತಳ ಜಂಗು ತಿಂದಿತ್ತು. ಎಡಗಡೆ ಅಂಗೈಯಷ್ಟು ತಗ್ಗು. ಮುಂಡರಗಿ ರಸ್ತೆಯಲ್ಲಿ ಅಪ್ಪ ಬಿದ್ದಾಗ ಆದದ್ದು ಅದು. ಒಬ್ಬ ಮೆಕ್ಯಾನಿಕ್ ಪುಟ್ಟಿ ತುಂಬಿ ಫಳಫಳ ಬಣ್ಣ ಹೊಡೆದುಕೊಟ್ಟ. ನೋಡಲು ಥೇಟ್ ಹೀರೋ! ಎರಡು ತಿಂಗಳಲ್ಲಿ ಲಕ್ಷ್ಮೇಶ್ವರದ ದಾರಿಯಲ್ಲಿ ಪುಟ್ಟಿ ಬಿಟ್ಟುಕೊಂಡು, ಕಾದ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ದೇವರು ದೊಡ್ಡವನು, ಕಿಡಿ ಹಾರಲಿಲ್ಲ.

‘ಗುಜರಿಗೆ ಹಾಕು’ ಎಂದರು ಗೆಳೆಯರು. ಮನಸ್ಸು ಒಪ್ಪೀತೇ? ಜೆಕ್ ದೇಶದ ಜಾನೆಚೆಕ್ ಎಂಬಾತ ‘ವಾಂಡರರ್’ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲಕ್ಷರ ಕೂಡಿಸಿ ಮಾಡಿದ್ದು ‘ಜಾವಾ’. 1961ರಲ್ಲಿ ಅದು ಮೈಸೂರಿನಲ್ಲಿ ತಯಾರಾಗತೊಡಗಿತು. 1973ರಿಂದ ಯೆಜ್ಡಿ ಆಯಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್! ಕಿಕ್ ಹೊಡೆಯುವ ಕಡ್ಡಿಯೇ ಗೇರು! 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಬಂದವು, ನಿಜ. ಅಪ್ಪನ ಗಾಡಿಯ ಟ್ಯಾಂಕು ಅಲ್ಲಿ ಸಿಕ್ಕೀತೇ?

ಹುಡುಕುತ್ತ ಹೋದದ್ದು ಬೆಟಗೇರಿಗೆ. ಒಂದು ಕಡೆ ಮಗ್ಗದ ಸದ್ದು, ಇನ್ನೊಂದು ಕಡೆ ಸುತ್ತಿಗೆ ಸದ್ದು. ತಾಮ್ರದ ಕೊಡ, ಎಣ್ಣೆ ಡಬ್ಬಿ ತಿದ್ದುತ್ತ ಕೂತ ಹಿರಿಯ ಮಿಸ್ತ್ರಿ.

‘ಕಾಕಾ, ಇದು ಆಗತೈತೇನ್ರಿ?’

‘ಮೊದಲ ಆ ಬಣ್ಣಾ, ಪುಟ್ಟಿ ಕಿತ್ತ ಒಗಿ ತಮ್ಮಾ. ತಗಡಿನ ಮಾರಿ ನೋಡೂಣು.’

ಎಂಟು ದಿನ ನಾನು ಅಲ್ಲೇ ಠಿಕಾಣಿ! ಕುದಿಯುವ ನೀರಿಗೆ ಸೋಡಾ ಹಾಕಿ ಮೂರು ಸಲ ತೊಳೆದರು. ಎರಡು ದಿನ ನೀರು ತುಂಬಿಟ್ಟರು. ‘ಪೆಟ್ರೋಲಿಗಿಂತ ಅದರ ಹಬೆ ಕೆಟ್ಟದ್ದು. ಖಾಲಿ ಐತೆಂತ ಬೆಂಕಿ ಹಿಡದ್ರ, ನಾನೂ ಇಲ್ಲ, ನೀನೂ ಇಲ್ಲ.’ ಆಮೇಲೂ ಬೆಂಕಿ ಇಲ್ಲ. ಗರಗಸದಿಂದಲೇ ತಳ ಕೊಯ್ದರು. ತುದಿ ಉರುಟಾದ ಬಾಗಿದ ಸರಳು ಒಳಗೆ ತೂರಿಸಿ, ಹೊರಗೆ ಕಟ್ಟಿಗೆ ಒತ್ತು ಕೊಟ್ಟು, ಟಕ್... ಟಕ್... ತಗ್ಗಿನ ನಟ್ಟನಡುವೆ ಹೊಡೆದರೆ ತಗಡು ಹಿಗ್ಗಿ ಕೆಡುತ್ತದಂತೆ. ಅಂಚಿನಿಂದ ಸುತ್ತುತ್ತ ಬರಬೇಕು. ಪ್ರತಿ ಸುತ್ತಿಗೂ ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದರು. ಹಗುರಾಗಿ ಅರ ಎಳೆದರೆ ಉಬ್ಬು ಹೊಳೆಯುತ್ತದೆ, ತಗ್ಗು ಕಪ್ಪಗೇ ಉಳಿಯುತ್ತದೆ. ಮತ್ತೆ ಟಕ್... ಟಕ್!

ಹೊಸ ತಳ ಕೂಡಿಸಿದ್ದು ಹಿತ್ತಾಳೆ ಬೆಸುಗೆಯಲ್ಲಿ. ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಉಕ್ಕಿಗೆ 1500ರ ಹತ್ತಿರ ಬೇಕು. ತಗಡು ಕರಗದು, ಆದರೆ ಕಾವಿಗೆ ಸೊಟ್ಟಗಾಗುತ್ತದೆ! ಅದಕ್ಕೇ ಇಲ್ಲೊಂದು ಚುಕ್ಕಿ, ಎದುರು ತುದಿಗೊಂದು ಚುಕ್ಕಿ, ನಡುವೆ ಒದ್ದೆ ಅರಿವೆ. ಕೊನೆಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿದರು. ಒಂದು ಗುಳ್ಳೆ? ಊಹೂಂ!

ಬಣ್ಣ ಹಚ್ಚುವ ಮೊದಲೇ ಸುದ್ದಿ ಹಬ್ಬಿ, ಮುಂಡರಗಿ, ಲಕ್ಷ್ಮೇಶ್ವರದ ಹಳೆ ಬೈಕಿನವರು ಬಂದರು. ಇಂಜಿನ್ ಯಾರೂ ನೋಡಲಿಲ್ಲ. ಬರಿಮೈ ಟ್ಯಾಂಕನ್ನು ಮಗುವಿನಂತೆ ಎತ್ತಿಕೊಂಡು ಉಗುರಿನಿಂದ ತಗ್ಗಿನ ಗುರುತು ಹುಡುಕಿದರು. ಸಿಗಲಿಲ್ಲ. ಒಬ್ಬ ಸೀಟಿ ಹೊಡೆದೇಬಿಟ್ಟ! ಕಾಕಾ ನಾಚಿ, ಬೀಡಿ ಹಚ್ಚಿದರು.

ಆ ಬದಿಯ ಮಣೆ ಮಾತ್ರ ಖಾಲಿ. ಮಗ ಕಲಿಯಲಿಲ್ಲ, ಶಿಷ್ಯರಿಲ್ಲ. ಸೀಟಿ ಹೊಡೆದವನಿಗೇ ನಾನು ಕೇಳಿದೆ, ‘ನೀನ ಕೂಡ್ತಿಯೇನ್ಲೇ?’ ಅವ ನಕ್ಕ, ಅಷ್ಟೇ. ನಾನೂ ಕೂತಿಲ್ಲ ಬಿಡಿ.

ಮೊದಲ ಸವಾರಿಗೆ ಕಾಕಾನನ್ನೇ ಹಿಂದೆ ಕೂಡಿಸಿಕೊಂಡು ಲಕ್ಕುಂಡಿಗೆ ಹೋದೆ. ಕಾಶಿ ವಿಶ್ವೇಶ್ವರ ಗುಡಿ. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲನ್ನೇ ಲೇಥಿನಂತೆ ತಿರುಗಿಸಿ ಕಡೆದ ಕಂಬಗಳು. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೈಮುಗಿಯುವುದನ್ನೂ ಮರೆತು, ಒಂದು ಕಂಬಕ್ಕೆ ಅಂಗೈ ಹಚ್ಚಿ, ಕಣ್ಣು ಮುಚ್ಚಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

‘ಕೈ ಚಲೋ ಇತ್ತ ಇವರದು’ ಎಂದರು.