ಯುದ್ಧ ಮುಗಿದರೂ ಬಾಗಿಲು ತೆರೆಯದ ಪಂಚಾಯಿತಿ

ನೇಪಾಳದ ಗುಡ್ಡಗಾಡು ಹಳ್ಳಿಗರ ಪಾಲಿಗೆ ಬಹುಕಾಲ ಸರ್ಕಾರವೆಂದರೆ ಗ್ರಾಮಾಭಿವೃದ್ಧಿ ಸಮಿತಿಯ ಕಾರ್ಯದರ್ಶಿ. ಜನನ, ಮರಣ ನೋಂದಾಯಿಸುವುದು, ವೃದ್ಧರ ಭತ್ಯೆ ಹಂಚುವುದು, ಪೌರತ್ವ ಪತ್ರಕ್ಕೆ ‘ಸಿಫಾರಿಸ್’ ಬರೆದುಕೊಡುವುದು ಎಲ್ಲವೂ ಅವರ ಕೆಲಸ. 1996ರ ಫೆಬ್ರುವರಿಯಲ್ಲಿ ಮಾವೋವಾದಿಗಳು ಬಂದೂಕು ಹಿಡಿದರು. ಪೊಲೀಸ್ ಠಾಣೆಗಳ ಜೊತೆಗೆ ಈ ಪುಟ್ಟ ಕಚೇರಿಗಳೂ ಗುರಿಯಾದವು.

ಕಟ್ಟಡಗಳನ್ನು ಸ್ಫೋಟಿಸಿದರು, ಕಡತಗಳಿಗೆ ಬೆಂಕಿ ಇಟ್ಟರು. ಊರಲ್ಲೇ ಉಳಿದ ಕಾರ್ಯದರ್ಶಿಗೆ ಒಂದು ಕಡೆ ಬಂಡುಕೋರರ ಬೆದರಿಕೆ, ಇನ್ನೊಂದು ಕಡೆ ಸೇನೆಯ ಅನುಮಾನ. ಬಹಳಷ್ಟು ಮಂದಿ ಜಿಲ್ಲಾ ಕೇಂದ್ರ ಸೇರಿಕೊಂಡರು. ಒಂದು ಸಹಿಗಾಗಿ ಜನ ಬೆಟ್ಟ ಇಳಿದು ಅಲ್ಲಿಯವರೆಗೆ ನಡೆಯಬೇಕಾಯಿತು. ದಾಖಲೆ ಸುಟ್ಟರೆ ಸಿಫಾರಿಸ್‌ಗೆ ಆಧಾರವಿಲ್ಲ. ಪೌರತ್ವ ಪತ್ರ ಸಿಗದಿದ್ದರೆ ಜಮೀನು ಹೆಸರಿಗಾಗದು, ಪಾಸ್‌ಪೋರ್ಟೂ ಇಲ್ಲ.

1997ರಲ್ಲಿ ಆಯ್ಕೆಯಾಗಿದ್ದ ಸ್ಥಳೀಯ ಪ್ರತಿನಿಧಿಗಳ ಅವಧಿ 2002ರ ಜುಲೈನಲ್ಲಿ ಮುಗಿಯಿತು. ಸಂಘರ್ಷದ ನಡುವೆ ಸರ್ಕಾರ ಚುನಾವಣೆಯನ್ನೂ ನಡೆಸಲಿಲ್ಲ, ಅವಧಿಯನ್ನೂ ವಿಸ್ತರಿಸಲಿಲ್ಲ. 3,900ಕ್ಕೂ ಹೆಚ್ಚು ಗ್ರಾಮ ಸಮಿತಿಗಳು ನೌಕರರ ಕೈಗೆ ಹೋದವು. ಮೀಸಲಾತಿಯಿಂದ ವಾರ್ಡ್ ವಾರ್ಡಿನಲ್ಲೂ ಗೆದ್ದು ಬಂದಿದ್ದ ಮಹಿಳೆಯರು ಮತ್ತೆ ಮನೆಗೆ ಮರಳಿದರು. ತೆರವಾದ ಜಾಗದಲ್ಲಿ ಮಾವೋವಾದಿಗಳ ‘ಜನ ಸರ್ಕಾರ’ ತೆರಿಗೆ ಎತ್ತಿತು, ‘ಜನ ನ್ಯಾಯಾಲಯ’ ನಡೆಸಿತು. 2006ರ ಫೆಬ್ರುವರಿಯಲ್ಲಿ ರಾಜ ಜ್ಞಾನೇಂದ್ರ ನಗರಸಭೆಗಳಿಗೆ ಚುನಾವಣೆ ಮಾಡಿಸಿದಾಗ ಬೆದರಿಕೆ, ಬಹಿಷ್ಕಾರಗಳಿಂದಾಗಿ ಅರ್ಧಕ್ಕಿಂತ ಹೆಚ್ಚು ಸ್ಥಾನಗಳಿಗೆ ಅಭ್ಯರ್ಥಿಗಳೇ ಸಿಗಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಶಾಂತಿ ಒಪ್ಪಂದವಾಯಿತು. ಅಷ್ಟರಲ್ಲಿ ಸಾವಿರಾರು ಜೀವ ಹೋಗಿತ್ತು. ಬಂದೂಕು ಸುಮ್ಮನಾದರೂ ಹಳ್ಳಿಗೆ ಪ್ರತಿನಿಧಿ ಬರಲಿಲ್ಲ. ಅನುದಾನ ಹಂಚಲು ‘ಸರ್ವಪಕ್ಷ ವ್ಯವಸ್ಥೆ’ ಬಂತು. ಪಕ್ಷಗಳವರು ಕೂತು ಹಣ ಹಂಚಿಕೊಂಡರು. ಲೆಕ್ಕ ಕೇಳಲು ಮತದಾರನಿಗೆ ದಾರಿಯೇ ಇರಲಿಲ್ಲ. ಭ್ರಷ್ಟಾಚಾರದ ದೂರುಗಳು ಹೆಚ್ಚಿ, 2012ರಲ್ಲಿ ಅದನ್ನು ರದ್ದು ಮಾಡಬೇಕಾಯಿತು.

ಕೊನೆಗೆ ಚುನಾವಣೆ ನಡೆದದ್ದು 2017ರಲ್ಲಿ. ಹೊಸ ಸಂವಿಧಾನದಡಿ 753 ಸ್ಥಳೀಯ ಸರ್ಕಾರಗಳು ಹುಟ್ಟಿದವು. ಹತ್ತು ವರ್ಷದ ಯುದ್ಧ ಹದಿನೈದು ವರ್ಷದ ಸ್ಥಳೀಯ ಪ್ರಜಾಪ್ರಭುತ್ವವನ್ನು ನುಂಗಿತ್ತು.

ಸುಟ್ಟ ಕಟ್ಟಡವನ್ನು ಒಂದೆರಡು ವರ್ಷದಲ್ಲಿ ಕಟ್ಟಬಹುದು. ಬಜೆಟ್ ಓದುವ ಅಭ್ಯಾಸ, ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ ಧೈರ್ಯ, ಉತ್ತರ ಕೊಡಲೇಬೇಕೆಂಬ ಅಂಜಿಕೆ ಇವು ತಲೆಮಾರಿನ ಗಳಿಕೆ. ಆದ್ದರಿಂದ ಶಸ್ತ್ರ ಕೆಳಗಿಡಲು ದಿನ ಗೊತ್ತುಮಾಡುವ ಶಾಂತಿ ಒಪ್ಪಂದ, ಹಳ್ಳಿಯ ಚುನಾವಣೆಗೂ ಅಷ್ಟೇ ಖಚಿತವಾಗಿ ದಿನ ಗೊತ್ತುಮಾಡಬೇಕು. ಅದನ್ನು ಮುಂದೂಡಿದಷ್ಟೂ ಯುದ್ಧದ ನಷ್ಟ ಬೆಳೆಯುತ್ತಲೇ ಹೋಗುತ್ತದೆ.