ನದಿಯ ಹೆಸರಿನ ಜಿಲ್ಲೆ

ಗೆಳೆಯರೇ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಮೊದಲು ಕೇಳೋದು ಏನು? ಹುಟ್ಟಿದ ತಾರೀಖು. ಅದನ್ನು ಸರ್ಕಾರವೇ ಬರೆದಿಡುವ ಪದ್ಧತಿ ಜರ್ಮನಿಯ ಕೊಲೋನ್ ಪಟ್ಟಣಕ್ಕೆ ಹೇಗೆ ಬಂತು ಗೊತ್ತಾ?

1794ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸೈನ್ಯ ರೈನ್ ನದಿಯ ಎಡದಂಡೆಯ ಈ ಪಟ್ಟಣವನ್ನು ಹಿಡಿಯಿತು. ಮನೆಮನೆಗೂ ನಂಬರು ಬಿತ್ತು. ಒಂದು ಮನೆಗೆ ಬಿದ್ದ ನಂಬರು 4711. ಮುಂದೆ ಅಲ್ಲಿಂದ ಬಂದ ಸುಗಂಧದ ನೀರಿಗೆ ಅದೇ ಹೆಸರಾಯಿತು, ಈಗಲೂ ಮಾರುತ್ತಾರೆ!

ಆಗ ಎಡದಂಡೆಯ ತುಂಬ ಸಣ್ಣ ಸಣ್ಣ ಸಂಸ್ಥಾನಗಳು. 1798ರಲ್ಲಿ ಅವನ್ನೆಲ್ಲ ಅಳಿಸಿ ನಾಲ್ಕು ಜಿಲ್ಲೆ ಮಾಡಿದರು. ರಾಜರ ಹೆಸರು ಬೇಡವೆಂದು ನದಿ, ಬೆಟ್ಟಗಳ ಹೆಸರಿಟ್ಟರು. ಕೊಲೋನ್ ಸೇರಿದ್ದು ರೋರ್ ಜಿಲ್ಲೆಗೆ. ಜರ್ಮನರು ಆ ನದಿಯನ್ನು ರೂರ್ ಅನ್ನುತ್ತಾರೆ. (ಕಲ್ಲಿದ್ದಲಿಗೆ ಹೆಸರಾದ ರೂರ್ ನದಿಯೇ ಬೇರೆ.) ಜಿಲ್ಲಾ ಕೇಂದ್ರ ಆಖೆನ್. ಅದಕ್ಕಿಂತ ದೊಡ್ಡೂರಾದ ಕೊಲೋನ್ ಬರೀ ಉಪವಿಭಾಗ! ನಮ್ಮ ಡಿ.ಸಿ. ಸಾಹೇಬರಂತೆ ಅಲ್ಲಿ ಪ್ರಿಫೆಕ್ಟ್. ನೇಮಕ ಮಾತ್ರ ಪ್ಯಾರಿಸ್ಸಿನಿಂದ. 1801ರ ಒಪ್ಪಂದದಲ್ಲಿ ಈ ನಾಡೆಲ್ಲ ಫ್ರಾನ್ಸಿನದೇ ಎಂದಾಯಿತು.

ಅಲ್ಲಿಯವರೆಗೆ ಮಗು ಹುಟ್ಟಿದರೆ ಚರ್ಚಿನ ಪಾದ್ರಿ ಬರೆದುಕೊಳ್ಳುತ್ತಿದ್ದರು. ಈಗ ಅಪ್ಪ ಇಬ್ಬರು ಸಾಕ್ಷಿಗಳ ಜೊತೆ ಊರಿನ ಮೇಯರ್ ಕಚೇರಿಗೆ ಹೋಗಬೇಕು. ಯಾವ ಧರ್ಮದವರಾದರೂ ಪುಸ್ತಕ ಒಂದೇ. ಇದು ಸಣ್ಣ ಮಾತಲ್ಲ. 1424ರಲ್ಲಿ ಕೊಲೋನಿನಿಂದ ಯಹೂದಿಗಳನ್ನು ಹೊರಹಾಕಿದ್ದರು. ಅವರು ಮತ್ತೆ ಅಲ್ಲಿ ಮನೆ ಮಾಡಿದ್ದು 1798ರಲ್ಲಿ, ಅಂದರೆ 374 ವರ್ಷದ ಮೇಲೆ! ಆದರೆ 1808ರಲ್ಲಿ ನೆಪೋಲಿಯನ್ನೇ ಅವರ ವ್ಯಾಪಾರಕ್ಕೆ ಮತ್ತೆ ಕಟ್ಟು ಹಾಕಿದ.

ಇನ್ನೊಂದು ವಿಷಯ. ಹುಟ್ಟಿದ ತಾರೀಖು ಕಚೇರಿಯಲ್ಲಿದ್ದರೆ ಯಾರಿಗೆ 20 ತುಂಬಿತು ಅಂತ ಸರ್ಕಾರಕ್ಕೆ ತಿಳಿಯುತ್ತದಲ್ಲ? ಆ ಹುಡುಗರಿಗೆ ಚೀಟಿ ಎತ್ತಿಸಿ ಸೈನ್ಯಕ್ಕೆ ಒಯ್ಯುತ್ತಿದ್ದರು. ದುಡ್ಡಿದ್ದವರು ಬದಲಿ ಆಳನ್ನು ಕಳಿಸಬಹುದಿತ್ತು. ಬಡವರ ಮಕ್ಕಳು ತಾವೇ ಹೋಗಬೇಕು. ಮಗನ ಹೆಸರು ಬರೆಸಿದ ಅಪ್ಪನಿಗೆ ಆಗ ಏನನ್ನಿಸಿರಬೇಡ!

1814ರಲ್ಲಿ ಫ್ರೆಂಚರು ಹೋದರು, ಜಿಲ್ಲೆಯೂ ಹೋಯಿತು. 1815ರಲ್ಲಿ ನಾಡು ಪ್ರಷ್ಯಾದ ಪಾಲಾಯಿತು. ಆದರೆ ಫ್ರೆಂಚರ ಸಿವಿಲ್ ಕಾನೂನನ್ನು ಜನ ಬಿಡಲೊಪ್ಪಲಿಲ್ಲ. ಅದು 1899ರ ಕೊನೆಯವರೆಗೂ ನಡೆಯಿತು. ಆ ಹಳೇ ಜನನ ಪುಸ್ತಕಗಳು ಇಂದಿಗೂ ಉಳಿದಿವೆ. ಬರವಣಿಗೆ ಮಾತ್ರ ಫ್ರೆಂಚಿನಲ್ಲಿ. ಅಜ್ಜನ ಅಜ್ಜ ಯೋಹಾನನನ್ನು ಹುಡುಕಲು ಹೋದವರಿಗೆ ಅಲ್ಲಿ ಸಿಗುವುದು ಝಾನ್!